ಹಾವುಮೀನಿನ ಹಿಡಿತ

"ಹಿಸುಕಬೇಡ ಕಣೇ! ಹಿಸುಕಿದಷ್ಟೂ ಜಾರುತ್ತೆ. ನಡುಬೆರಳು ಮೇಲೆ, ಅಕ್ಕಪಕ್ಕದ ಎರಡು ಕೆಳಗೆ. ಅಷ್ಟೇ."

ಹಾವುಮೀನು ಮತ್ತೆ ತೊಟ್ಟಿಗೆ ಬಿತ್ತು. ಕಿರಿಯ ಸೊಸೆ ಕೈಯ ಲೋಳೆಯನ್ನು ಏಪ್ರನ್ನಿಗೆ ಒರೆಸಿಕೊಂಡು, "ನನ್ನ ಕೈಗೆ ಇದು ಬರಲ್ಲ ಅಕ್ಕಾ," ಎಂದಳು. ಒಂಬತ್ತು ದಿನದಿಂದಲೂ ಅದೇ ಮಾತು.

ಹಿರಿಯ ಸೊಸೆ ಹಲ್ಲು ಕಚ್ಚಿದಳು. ನರ್ಸಿಂಗ್ ತರಬೇತಿಗೆ ಸೇರಲು ನಾಳೆಯೇ ಕೊನೆಯ ದಿನ. ಅತ್ತೆಯದು ಒಂದೇ ಷರತ್ತು: ಈ ಹಾವುಮೀನು ಹಿಡಿಯೋ ಇನ್ನೊಂದು ಕೈ ತಯಾರು ಮಾಡು, ಆಮೇಲೆ ಎಲ್ಲಿಗಾದರೂ ಹೋಗು. ಅತ್ತೆಯ ಬೆರಳುಗಳು ವಾತದಿಂದ ಸೊಟ್ಟಗಾಗಿದ್ದವು. ಗಂಡಸರು ನದಿಯಿಂದ ತಂದು ತೊಟ್ಟಿಗೆ ಸುರಿದರೆ ಅವರ ಕೆಲಸ ಮುಗಿಯಿತು. ಗಿರಾಕಿಯ ಕಣ್ಣೆದುರು ಜೀವಂತ ಎತ್ತಿ, ಹಲಗೆಗೆ ಒತ್ತಿ ಕೊಯ್ಯುವುದು ಸೊಸೆಯಂದಿರ ಪಾಲು. ಹನ್ನೊಂದು ವರ್ಷದಿಂದ ಅದು ಇವಳೊಬ್ಬಳ ಪಾಲು.

"ಕೈಗೆ ಬೆಣ್ಣೆ ಸವರಿಕೊಂಡೇ ಹುಟ್ಟಿದಾಳೆ ಮಹಾರಾಣಿ," ಎಂದು ಅಂಗಡಿಯ ಬಾಗಿಲಲ್ಲಿ ಕೂತಿದ್ದ ಅತ್ತೆ ಗೊಣಗಿ, ಬಂದ ಗಿರಾಕಿಯೊಡನೆ ಮಾತಿಗಿಳಿದರು.

ಆಗಲೇ ಒಂದು ಹಾವುಮೀನು ತೊಟ್ಟಿಯ ಅಂಚು ದಾಟಿ ನೆಲಕ್ಕೆ ಬಿದ್ದು, ಮೋರಿಯ ಕಡೆ ಹರಿಯಿತು. ಹಿರಿಯಳ ಕೈಯಲ್ಲಿ ಚಾಕು ಇತ್ತು. ಕಿರಿಯಳು ಬಗ್ಗಿದಳು, ಒಂದೇ ಏಟಿಗೆ ಎತ್ತಿದಳು. ಅವಳ ಬೆರಳುಗಳ ನಡುವೆ ಅದು ಮಿಸುಕಾಡಲಿಲ್ಲ. ಇಬ್ಬರೂ ಅದನ್ನೇ ನೋಡಿದರು. ಕಿರಿಯಳು ಕೈಯನ್ನು ತೊಟ್ಟಿಯ ಮೇಲಕ್ಕೆ ತಂದು ಬೆರಳು ಸಡಿಲಿಸಿದಳು.

"ಯಾವತ್ತಿಂದ ಬರುತ್ತೆ?" ಹಿರಿಯಳು ಪಿಸುಗುಟ್ಟಿದಳು.

"ಎರಡನೇ ದಿನದಿಂದ." ಕಿರಿಯಳು ತಲೆ ಎತ್ತಲಿಲ್ಲ. "ಹೇಳಬೇಡಿ ಅಕ್ಕಾ. ನೀವು ಹೋದ್ರೆ ನಾನು ಸಾಯೋವರೆಗೂ ಇಲ್ಲೇ. ನಿಮಗಾದ್ರೆ ಅಭ್ಯಾಸ ಆಗಿಹೋಗಿದೆ."

ಅಭ್ಯಾಸ! ಹಿರಿಯಳು ತನ್ನ ಅಂಗೈಯ ಹಳೆಯ ಗಾಯದ ಗೆರೆಗಳನ್ನು ನೋಡಿಕೊಂಡಳು.

"ಏನದು ಗುಸುಗುಸು?" ಗಿರಾಕಿಯನ್ನು ಬಿಟ್ಟು ಅತ್ತೆ ಒಳಗೆ ಬಂದರು. "ಕೈ ಕುದುರಿತಾ, ಇಲ್ವಾ?"

ಕಿರಿಯಳು ಬೇಡ ಎಂಬಂತೆ ಸಣ್ಣಗೆ ತಲೆಯಾಡಿಸಿದಳು.

"ಕುದುರಿದೆ ಅತ್ತೆ," ಎಂದವಳೇ ಹಿರಿಯಳು ತೊಟ್ಟಿಗೆ ಕೈ ಹಾಕಿ, ಒಂದನ್ನೆತ್ತಿ ವಾರಗಿತ್ತಿಯ ಎದೆಯತ್ತ ಎಸೆದಳು.

ಯೋಚಿಸಲು ಸಮಯವೇ ಇರಲಿಲ್ಲ. ಕಿರಿಯಳ ಕೈ ತಾನಾಗಿಯೇ ಮುಂದೆ ಬಂದು ಅದನ್ನು ಹಿಡಿಯಿತು.

"ಅಬ್ಬಾ, ಕಳ್ಳಿ!" ಅತ್ತೆ ಗಟ್ಟಿಯಾಗಿ ನಕ್ಕರು. "ಬಾ, ಗಿರಾಕಿ ಕಾಯ್ತಿದಾನೆ."

ಹಾವುಮೀನು ಅವಳ ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು ಸುಮ್ಮನಾಯಿತು. ಅವಳು ಕೈ ಇಳಿಸದೆ ಹಾಗೇ ನಿಂತಿದ್ದಳು. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.