ನೀಲಿ ನೀರೆಲ್ಲ ಮೈಲುತುತ್ತವಲ್ಲ

ಜಡಿಮಳೆ ಹಿಡಿಯಿತೆಂದರೆ ಕುರಿ ಸಾಕಿದವರ ಮನೆಯಲ್ಲಿ ಒಂದೇ ಗೋಳು. ಹಟ್ಟಿ ಕೆಸರಾಗುತ್ತದೆ, ಗೊರಸು ಕೊಳೆಯುತ್ತದೆ, ಕುರಿ ಕುಂಟುತ್ತದೆ. ನಾಗಮಂಗಲ ಸೀಮೆಯ ಚಿಕ್ಕಯ್ಯನ ಬಂಡೂರು ಕುರಿಗಳಿಗೂ ಹಾಗೇ ಆಯಿತು. ಮೈಲುತುತ್ತದ ನೀರಲ್ಲಿ ಕಾಲು ಅದ್ದಿಸಿದರೆ ವಾಸಿಯಾಗುತ್ತದೆಂದು ಅವನಿಗೆ ಗೊತ್ತು. ಅದು ಸರಿಯೇ. ಆದರೆ ಆ ಪುಣ್ಯಾತ್ಮ ಅಂಗಡಿಗೆ ಹೋಗುವ ಬದಲು ಗುಡ್ಡಕ್ಕೆ ಹೋದ.

ಗುಡ್ಡದಲ್ಲಿ ಒಂದು ಕಂಪನಿ ತಾಮ್ರ ತೆಗೆಯುತ್ತದೆ. ಅಲ್ಲಿಯ ಕಲ್ಲಿನಲ್ಲಿ ತಾಮ್ರ ತೀರಾ ಕಡಿಮೆ. ಅದಕ್ಕೇ ಕಲ್ಲನ್ನು ಜಲ್ಲಿಯಂತೆ ಒಡೆದು, ದಪ್ಪ ಪ್ಲಾಸ್ಟಿಕ್ ಹಾಸಿನ ಮೇಲೆ ರಾಶಿ ಹಾಕಿ, ಮೇಲಿಂದ ಡ್ರಿಪ್ ಪೈಪಿನಲ್ಲಿ ಆಸಿಡ್ ನೀರು ಹನಿಸುತ್ತಾರೆ. ಆಸಿಡ್ಡು ತಾಮ್ರವನ್ನು ಕರಗಿಸಿಕೊಂಡು ಕೆಳಗಿನ ಹೊಂಡಕ್ಕೆ ಇಳಿಯುತ್ತದೆ. ಹೊಂಡ ನೋಡಲು ಥೇಟ್ ಮೈಲುತುತ್ತದ ನೀರೇ. ಸುತ್ತಲ ಬೇಲಿ ಹರಿದು ಎಷ್ಟೋ ಕಾಲವಾಗಿತ್ತು. ಗುಡ್ಡವನ್ನೇ ಅಗೆಯುವವರಿಗೆ ನಾಲ್ಕು ಮಾರು ತಂತಿ ಕಟ್ಟಲು ಕೈ ಬರಲಿಲ್ಲ.

ಚಿಕ್ಕಯ್ಯ ಕ್ಯಾನು ತುಂಬಿ ತಂದು ತೊಟ್ಟಿಗೆ ಸುರಿದ. ಹೆಂಡತಿ ಸಿದ್ದಲಿಂಗಮ್ಮ ಒಂದೊಂದೇ ಕುರಿಯ ಕಾಲು ಹಿಡಿದು ಅದ್ದತೊಡಗಿದಳು. ಕೈ ಉರಿಯುತ್ತಿದೆ ಎಂದಳು. ಮದ್ದು ಅಂದಮೇಲೆ ಉರಿಯದೆ ಇರುತ್ತದೆಯೇ ಎಂದು ಅವನು ಬಾಯಿ ಮುಚ್ಚಿಸಿದ.

ಸಂಜೆ ಆ ದಾರಿಯಲ್ಲಿ ಬಂದ, ಊರಿನ ದನಕುರಿಗಳ ಆರೈಕೆಗೆ ತರಬೇತಿ ಪಡೆದ ಪಶುಸಖಿ ಪ್ರಮೀಳಾ ತೊಟ್ಟಿ ನೋಡಿ ನಿಂತಳು. ನೀರು ಎಲ್ಲಿಯದೆಂದು ಕೇಳಿ ತಿಳಿದು ಬೆಚ್ಚಿಬಿದ್ದಳು.

"ಮಾವ, ಬೆಳ್ಳಗಿರೋದೆಲ್ಲ ಹಾಲಲ್ಲ. ಅದ್ರಲ್ಲಿ ಆಸಿಡ್ಡು ಅದೆ. ಕುರಿ ಒಟ್ಟೆ ತಾಮ್ರ ತಡ್ಕೊಳಕಿಲ್ಲ. ಚೆಲ್ಲದೂ ಬ್ಯಾಡ, ಮುಚ್ಚಿಟ್ಟು ಕಂಪನಿಯೋರಿಗೇ ವಾಪಸ್ ಕೊಡು."

"ನಮ್ಮಪ್ಪನ ಕಾಲ್ದಿಂದ್ಲೂ ಮೈಲುತುತ್ತ ಆಕ್ತಿದೀವಿ ಕಣವ್ವಾ. ನೀನು ಮೊನ್ನೆ ಟ್ರೈನಿಂಗು ಮುಗ್ಸಿ ಬಂದು ನಂಗೇಳ್ತೀಯಾ?"

ಪ್ರಮೀಳಾ ಸಿದ್ದಲಿಂಗಮ್ಮನ ಕೈಯನ್ನು ನಲ್ಲಿಯಡಿ ಬಹಳ ಹೊತ್ತು ಹಿಡಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋದಳು. ಚಿಕ್ಕಯ್ಯ ತೊಟ್ಟಿಯನ್ನು ಮುಚ್ಚಲೂ ಇಲ್ಲ.

ರಾತ್ರಿ ಬಾಯಾರಿದ ಕುರಿಗಳು ಆ ತೊಟ್ಟಿಯ ನೀರನ್ನೇ ಕುಡಿದಿದ್ದವು. ಬೆಳಿಗ್ಗೆ ಹಟ್ಟಿಯ ತುಂಬ ಹಸಿರು ಭೇದಿ. ಕೆಲವು ಸತ್ತಿದ್ದವು. ಮಿಕ್ಕವು ಹಲ್ಲು ಕಡಿಯುತ್ತಾ ಬಿದ್ದಿದ್ದವು. ಪ್ರಮೀಳಾ ಕರೆತಂದ ಪಶುವೈದ್ಯರು ಕೈಲಾದದ್ದು ಮಾಡಿ, ಇವು ಉಳಿಯುವುದಿಲ್ಲ, ಮಾಂಸ ಯಾರೂ ತಿನ್ನಬಾರದು ಎಂದು ಹೇಳಿದರು.

ಅವರು ಅತ್ತ ಹೋದದ್ದೇ ತಡ, ಚಿಕ್ಕಯ್ಯ ಮಚ್ಚು ಹಿಡಿದ. ಜೀವ ಇರುವಾಗಲೇ ಕುಯ್ದರೆ ಗುಡ್ಡೆ ಹಾಕಿ ಮಾರುವ ಮಾಂಸಕ್ಕಾದರೂ ಆದೀತು ಎಂಬ ಲೆಕ್ಕ ಅವನದು. ಭಾನುವಾರ ಬೇರೆ. ಊರವರು ಪಾತ್ರೆ ಹಿಡಿದು ಬರುವ ದಿನ.

ಸಿದ್ದಲಿಂಗಮ್ಮ ಅಡ್ಡ ನಿಂತಳು. ಬ್ಯಾಂಡೇಜು ಬಿಚ್ಚಿ, ಸಿಪ್ಪೆ ಎದ್ದ ಅಂಗೈಯನ್ನು ಗಂಡನ ಮುಖಕ್ಕೆ ಹಿಡಿದಳು.

"ನೋಡಿ. ಮೇಲ್ ಮುಟ್ಟಿದ್ದಕ್ಕೆ ಇಂಗಾಯ್ತು. ಅದ್ನ ಕುಡ್ದಿರೋ ಕುರಿನ ಯಾರ್ ಮನೆ ಕೂಸ್ಗೆ ಉಣ್ಸಕೆ ಒಂಟಿದೀರಿ?"

ಚಿಕ್ಕಯ್ಯನ ಕೈಯಿಂದ ಮಚ್ಚು ಜಾರಿತು. ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತ. ಸಂಜೆಯೊಳಗೆ ಮಿಕ್ಕವೂ ಸತ್ತವು. ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಎಲ್ಲವನ್ನೂ ಹೂತರು. ಮರುದಿನ ಪಂಚಾಯಿತಿ ಮುಂದೆ ಬೇಲಿಗಾಗಿ ಮೊದಲು ಧರಣಿ ಕೂತವನು ಅವನೇ. ಬೇಲಿ ಆಯಿತು. ಹಟ್ಟಿ ಖಾಲಿ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಗಣಿಯ ಹೊಂಡದ ನೀರನ್ನು ಮುಟ್ಟಬೇಡಿ. ಅಲ್ಲಿಯ ಪೈಪು, ಪ್ಲಾಸ್ಟಿಕ್, ಕ್ಯಾನು ಯಾವುದನ್ನೂ ಮನೆಗೆ ತರಬೇಡಿ. ಮೈಗೆ ಸಿಡಿದರೆ ಹರಿಯುವ ನೀರಲ್ಲಿ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಓಡಿ. ಬೇಲಿ ಹರಿದಿದ್ದರೆ ಇಂದೇ ಪಂಚಾಯಿತಿಗೆ ಹೇಳಿ, ಬಾವಿಯ ನೀರು ಪರೀಕ್ಷೆ ಮಾಡಿಸಿ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು. ಸಿದ್ದಲಿಂಗಮ್ಮ ಇವತ್ತಿಗೂ ಆ ಕೈಯಲ್ಲಿ ಮುದ್ದೆ ಕಟ್ಟಲಾರಳು. ನಿಮ್ಮ ಮನೆಯಲ್ಲಿ ಯಾರ ಕೈ ಸುಟ್ಟಮೇಲೆ ನಂಬುತ್ತೀರಿ?