ಉಚ್ಚೀರಪ್ಪನ ಪಿಂಚಣಿ

ಹನ್ನೆರಡು ವರ್ಷ ನನ್ನನ್ನು ತಿರುಗಿ ನೋಡದ ಗಂಡ ಸತ್ತ ಮೇಲೆ ಅವನ ಪಿಂಚಣಿ ನನ್ನ ಹೆಸರಿಗೆ ಬರುತ್ತದೆ ಎಂದು ಫೋನು ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಆದೋನಿಯ ಹತ್ತಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಬಸವಕ್ಕನ ರೊಟ್ಟಿ ಎಂದರೆ ಹಮಾಲರಿಂದ ಹಿಡಿದು ಸಾಹುಕಾರರ ಮನೆಯವರೆಗೆ ಎಲ್ಲರಿಗೂ ಗೊತ್ತು. ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು. ನನ್ನ ಕೈಯಲ್ಲಿ ರೊಟ್ಟಿ ಸೀದದ್ದನ್ನು ಅದಕ್ಕೂ ಮುಂಚೆ ಯಾರಾದರೂ ನೋಡಿದ್ದರೆ ಬಂದು ಹೇಳಲಿ.

"ಅವ್ವಾ, ನಾನು ಹಾರಿಕಾ ರೀ, ಹೊಳಗುಂದ ಗ್ರಾಮ ಸಚಿವಾಲಯದಿಂದ. ನಿಮ್ಮ ಯಜಮಾನ್ರು ತೀರಿಹೋದ್ರಲ್ಲ, ಅವರ ವೃದ್ಧಾಪ್ಯ ಪಿಂಚಣಿ ಇನ್ಮ್ಯಾಲೆ ನಿಮಗ ಬರ್ತೈತಿ. ತಿಂಗಳಿಗೆ ನಾಲ್ಕು ಸಾವಿರ. ಹದಿನೈದನೇ ತಾರೀಖಿನೊಳಗ ಬಂದು ಅರ್ಜಿ ಕೊಡ್ರಿ."

"ಯಾವ ಯಜಮಾನ್ರವ್ವ?"

"ಉಚ್ಚೀರಪ್ಪ. ರೇಷನ್ ಕಾರ್ಡಿನಾಗ ಹೆಂಡ್ತಿ ಅಂತ ನಿಮ್ಮ ಹೆಸರೇ ಐತಲ್ರಿ."

ಸತ್ತ ಸುದ್ದಿ ಇಪ್ಪತ್ತು ದಿನದ ಹಿಂದೆಯೇ ಬಂದಿತ್ತು. ನಾನು ಹೋಗಲಿಲ್ಲ. ಅಳಲೂ ಇಲ್ಲ. ಕುರಿ ಮೇಯಿಸಿಕೊಂಡು ಬರುತ್ತೇನೆಂದು ಹೊಳಗುಂದದ ಕಡೆ ಹೋದವನು ಅಲ್ಲೇ ರಾಮಲಕ್ಷ್ಮಿ ಎಂಬವಳ ಜೊತೆ ಮನೆ ಮಾಡಿದ. ಅವನಿಗಾಗಿ ಎಷ್ಟು ಅಳಬೇಕೋ ಅಷ್ಟನ್ನು ಅದೇ ವರ್ಷ ಅತ್ತು ಮುಗಿಸಿದ್ದೆ.

ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ನಾಲ್ಕು ವರ್ಷದ ಹಿಂದೆ ನನಗೂ ವಯಸ್ಸಾಯಿತೆಂದು ಪಿಂಚಣಿ ಕೇಳಲು ಹೋಗಿದ್ದೆ. ಒಂದು ಮನೆಗೆ ಒಂದೇ ಪಿಂಚಣಿ, ನಿಮ್ಮ ಮನೆಯಲ್ಲಿ ಉಚ್ಚೀರಪ್ಪನಿಗೆ ಬರುತ್ತಿದೆ ಎಂದರು. "ಯಾವ ಮನಿ ಸ್ವಾಮಿ? ಆತ ಅಲ್ಲಿ, ನಾನು ಇಲ್ಲಿ" ಎಂದು ಮೇಜು ಕುಟ್ಟಿದೆ. ಕಾರ್ಡು ಬೇರೆಯಾಗಬೇಕಾದರೆ ಕೋರ್ಟಿನ ಕಾಗದ ತರಬೇಕಂತೆ. ಒಲೆ ಆರಿಸಿ ಕೋರ್ಟಿಗೆ ಯಾರು ಅಲೆಯುತ್ತಾರೆ? ಹಾಳಾಗಿ ಹೋಗಲಿ ಎಂದು ಬಂದುಬಿಟ್ಟೆ. ರೊಟ್ಟಿ ಬಡಿದೆ, ಮಾರಿದೆ, ಪೋಸ್ಟಾಫೀಸಿನಲ್ಲಿ ಎರಡು ಲಕ್ಷ ನಲವತ್ತು ಸಾವಿರ ಕೂಡಿಟ್ಟೆ. ಈ ಓಣಿಯಲ್ಲಿ ಯಾರ ಹತ್ತಿರವೂ ಹತ್ತು ರೂಪಾಯಿ ಕೇಳಿದವಳಲ್ಲ ನಾನು.

ಈಗ ತಗೊಳ್ಳಬೇಕೋ ಬೇಡವೋ? ಮೂರು ದಿನ ಅದೇ ಯೋಚನೆ. ತಗೊಂಡರೆ ನಾನು ಅವನ ಹೆಂಡತಿ ಎಂದು ಒಪ್ಪಿಕೊಂಡ ಹಾಗೆ. ನನಗೆ ಗಂಡನೇ ಇಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳಿಗೆ ಅದು ಸುಲಭವೇ? ಮೇಲಾಗಿ ಕೈಯಲ್ಲಿ ದುಡ್ಡಿಟ್ಟುಕೊಂಡು ಸರ್ಕಾರದ ದುಡ್ಡಿಗೆ ಆಸೆಪಡುವುದು ಎಂಥದು? ಮನೆ ಮಾಲೀಕರಾದ ಬಸಲಿಂಗಮ್ಮನವರನ್ನು ಕೇಳಿದೆ. ಅವರು ಹತ್ತಿ ವ್ಯಾಪಾರದವರು, ದುಡ್ಡಿನ ವಿಷಯ ಬಲ್ಲವರು.

"ಬಂದಿದ್ದನ್ನ ಯಾಕ ಬಿಡ್ತಿ ಬಸವಕ್ಕ? ನಾಳೆ ಕೈಕಾಲು ಬಿದ್ರ ಆ ಎರಡು ಲಕ್ಷ ಎಷ್ಟು ದಿನ ಬಾಳಿಕಿ ಬರ್ತೈತಿ?" ಎಂದರು. ಮಾತು ಖರೆ. ಆದರೆ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಕೊನೆಗೆ ಒಂದು ಉಪಾಯ ಹೊಳೆಯಿತು. ಅವನ ಪಿಂಚಣಿಯನ್ನು ಅವನ ಜೊತೆ ಇದ್ದವಳೇ ಉಣ್ಣಲಿ, ಆಕೆಗೇ ಕೊಡ್ರಿ ಎಂದು ಬರೆದುಕೊಟ್ಟು ಬಂದರಾಯಿತು. ಒಳ್ಳೆಯತನದಿಂದ ಎಂದುಕೊಳ್ಳಬೇಡಿ. ಸತ್ತವನ ಹಂಗೂ ನನಗೆ ಬೇಡ ಎಂಬ ಹಟ, ಅಷ್ಟೇ. ಬೆಳಗಿನ ಹೊಳಗುಂದ ಬಸ್ಸು ಹತ್ತಿದೆ.

ಹಾರಿಕಾ ಇನ್ನೂ ಎಳೆಯ ಹುಡುಗಿ. ನನ್ನ ಮಾತನ್ನೆಲ್ಲ ಕೇಳಿಸಿಕೊಂಡು ತಲೆ ಅಲ್ಲಾಡಿಸಿದಳು.

"ಆಕಿಗೆ ಕೊಡಾಕ ಬರಂಗಿಲ್ಲ ಅವ್ವಾ. ಆಕಿ ಹೆಸರು ಕಾರ್ಡಿನಾಗ ಇಲ್ಲ. ವಿಧವಿ ಅನ್ನಾಕ ಮದುವಿ ಕಾಗದ ಇಲ್ಲ, ವೃದ್ಧಾಪ್ಯಕ್ಕ ವಯಸ್ಸಿಲ್ಲ. ನೀವು ಬ್ಯಾಡ ಅಂದ್ರ ಪಿಂಚಣಿ ರದ್ದಾಗ್ತೈತಿ. ಯಾರಿಗೂ ಇಲ್ಲ."

"ನನ್ನ ಹತ್ರ ಎರಡು ಲಕ್ಷ ನಲವತ್ತು ಸಾವಿರ ಐತಿ. ನಾನೇ ತಗೊಳ್ಳೋದಾದ್ರ ಅದನ್ನೂ ಬರ್ಕೋ ಮತ್ತ. ಆಮ್ಯಾಲೆ ಕಳ್ಳಿ ಅನ್ನಬ್ಯಾಡ."

ಅವಳು ನಕ್ಕಳು. "ಹೊಲ, ಕಾರು, ಸರ್ಕಾರಿ ನೌಕರಿ ಕೇಳ್ತಾರ್ರಿ. ರೊಟ್ಟಿ ಮಾರಿ ಕೂಡಿಟ್ಟದ್ದನ್ನ ಯಾರೂ ಕೇಳಂಗಿಲ್ಲ. ಇವತ್ತೇ ಕೊನೀ ದಿನ. ಮಧ್ಯಾಹ್ನದೊಳಗ ಹೇಳ್ರಿ."

ಹೊರಗೆ ಬಂದೆ. ಇಷ್ಟು ದೂರ ಬಂದಿದ್ದೇನೆ, ಆ ರಾಣಿಯನ್ನಾದರೂ ಒಮ್ಮೆ ನೋಡಿ ಹೋಗೋಣ ಅನಿಸಿತು. ಬೈಯಬೇಕಾದ ಮಾತುಗಳನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡೆ.

ಮನೆ ಎಂದರೆ ತಗಡಿನ ಒಂದು ಕೋಣೆ. ನನ್ನನ್ನು ನೋಡಿದ ಕೂಡಲೇ ರಾಮಲಕ್ಷ್ಮಿಗೆ ಯಾರೆಂದು ತಿಳಿಯಿತು. ಚಾಪೆ ಹಾಸಿದಳು, ನೀರು ಕೊಟ್ಟಳು, ತಟ್ಟೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟಳು. ರೊಟ್ಟಿ ಹಪ್ಪಳದಂತೆ ತೆಳ್ಳಗಿರಬೇಕು. ಇದು ಬೆರಳು ದಪ್ಪ, ಅಂಚೆಲ್ಲ ಸೀಳಿಹೋಗಿತ್ತು.

"ಇದೇನವ್ವ, ರೊಟ್ಟಿನಾ ಸಗಣಿ ಕುಳ್ಳಾ?" ಎಂದುಬಿಟ್ಟೆ. ನನ್ನ ನಾಲಿಗೆಯೇ ಹಾಗೆ.

ಅವಳು ನನ್ನ ಮುಖ ನೋಡಿದಳು. "ಆತನೂ ಹಂಗೇ ಅಂತಿದ್ದ ಅಕ್ಕಾ. ದಿನಾ ಉಣ್ಣಾಕ ಕುಂತಾಗ, ಇದು ಬಸವಕ್ಕನ ರೊಟ್ಟಿ ಆಗಂಗಿಲ್ಲ, ಬಸವಕ್ಕನ ರೊಟ್ಟಿ ಆಗಂಗಿಲ್ಲ ಅಂತ. ಕೇಳಿ ಕೇಳಿ ನಿನ್ನ ಹೆಸರು ಹೇಳಿದ್ರ ಮೈ ಉರಿತಿತ್ತು ನನಗ."

ನನಗೆ ನಗು ತಡೆಯಲಾಗಲಿಲ್ಲ. ನನ್ನ ಜೊತೆ ಇದ್ದಷ್ಟು ವರ್ಷ ಅವನು ನನ್ನ ರೊಟ್ಟಿಯನ್ನು ಒಂದು ದಿನವೂ ಹೊಗಳಿದವನಲ್ಲ. ಅದನ್ನು ಹೇಳಿದಾಗ ಅವಳೂ ನಕ್ಕಳು. ನಗುತ್ತಾ ಸೆರಗು ಸರಿಮಾಡಿಕೊಳ್ಳಲು ಬಲಗೈ ಎತ್ತಿದಳು. ಕೈ ಅರ್ಧಕ್ಕೇ ನಿಂತಿತು.

"ಏನಾತು ಅದಕ್ಕ?"

"ಲಕ್ವ ಹೊಡೆದು ಮೂರು ವರ್ಷ ಮಲಗಿದ್ದ ಅಕ್ಕಾ. ಎತ್ತಿ ಕುಂದ್ರಿಸೋದು, ಮಲಗ್ಸೋದು. ರಟ್ಟಿ ಹೋತು. ಮೊದಲು ಇದಕ್ಕಿಂತ ಚಲೋ ಬಡೀತಿದ್ದೆ."

ಅವನಿಗೆ ಲಕ್ವ ಹೊಡೆದದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಬರುತ್ತಿರಲಿಲ್ಲವೇನೋ. ಅವನ ಪಿಂಚಣಿಯಲ್ಲೇ ಬಾಡಿಗೆ, ಗುಳಿಗೆ ಎಲ್ಲ ನಡೆದಿತ್ತಂತೆ. ಈಗ ಹತ್ತಿ ಬಿಡಿಸಲು ಹೋದರೆ ಒಂದೇ ಕೈಯವಳಿಗೆ ಅರ್ಧ ಕೂಲಿ. ಇದನ್ನೆಲ್ಲ ಅವಳು ದೂರಿನ ಹಾಗೆ ಹೇಳಲಿಲ್ಲ, ನಾನು ಕೆದಕಿ ಕೆದಕಿ ಕೇಳಿದೆ. ಕೇಳುತ್ತಾ ಆ ದಪ್ಪ ರೊಟ್ಟಿಯನ್ನು ಒಂದು ಚೂರೂ ಬಿಡದೆ ತಿಂದೆ. ಬೈಗುಳಗಳೆಲ್ಲ ಎಲ್ಲಿ ಹೋದವೋ. ತಟ್ಟೆ ಸರಿಸಿ ಎದ್ದು ನಿಂತೆ.

"ಏಳು, ಸಚಿವಾಲಯಕ್ಕ ಹೋಗೂಣು" ಎಂದೆ. "ದುಡ್ಡು ನನ್ನ ಹೆಸರಿಗೆ ಬರಲಿ. ಬಂದ ದಿನಾನೇ ನಿನ್ನ ಕೈಗೆ ಕೊಡ್ತೀನಿ."

"ನನಗ್ಯಾಕ ಅಕ್ಕಾ? ಹೆಂಡ್ತಿ ನೀನು."

"ನಾನಾ? ಮೂರು ವರ್ಷ ಆತನ ಹೇಲುಚ್ಚಿ ಬಳದಾಕಿ ನೀನು. ನನ್ನ ರೊಟ್ಟಿ ನನಗ ಸಾಕು. ಬಾಯಿ ಮುಚ್ಕೊಂಡು ನಡಿ."

ಹಾರಿಕಾಳ ಯಂತ್ರಕ್ಕೆ ನನ್ನ ಹೆಬ್ಬೆರಳು ಹತ್ತಲಿಲ್ಲ. ಹತ್ತು ಬೆರಳೂ ಒತ್ತಿಸಿದಳು. ನಲವತ್ತು ವರ್ಷ ಬಿಸಿ ಹಿಟ್ಟು ನಾದಿದ ಕೈ, ಗೆರೆ ಎಲ್ಲಿಂದ ಬರಬೇಕು? ಮುಖ ತೋರಿಸಿದರೂ ನಡೆಯುತ್ತದೆ ಎಂದು ಫೋನು ಎತ್ತಿ ಹಿಡಿದಳು.

"ಹಿಂದ ಅವರು ಕಾಣಾಕತ್ಯಾರ ಅವ್ವಾ. ಒಂದೇ ಮುಖ ಇರ್ಬೇಕು."

ರಾಮಲಕ್ಷ್ಮಿ ಕಳ್ಳತನದಲ್ಲಿ ಸಿಕ್ಕವಳಂತೆ ಬಾಗಿಲ ಕಡೆ ಸರಿದಳು. ನಾನು ಮುಖ ಅಲ್ಲಾಡಿಸದೆ ಪಕ್ಕಕ್ಕೆ ಕೈ ಹಾಕಿ ಅವಳ ನೋಯುವ ಕೈಯನ್ನು ಮೆಲ್ಲಗೆ ಹಿಡಿದುಕೊಂಡೆ. ಅವಳು ಅಲ್ಲೇ ನಿಂತಳು.

"ಈಗ ಕಣ್ಣು ಪಿಳುಕಿಸ್ರಿ."

ಪಿಳುಕಿಸಿದೆ. ಇಷ್ಟು ದಿನ ಬಾರದ ನೀರು ಒಮ್ಮೆಲೇ ಬಂತು. ಪಕ್ಕದಲ್ಲಿ ಅವಳೂ ಬಿಕ್ಕುತ್ತಿರುವುದು ಕೈಗೆ ಗೊತ್ತಾಯಿತು.

"ಅವ್ವಾ, ಅಳಬ್ಯಾಡ್ರಿ. ಅತ್ರ ಮುಖ ತಗೊಳ್ಳಂಗಿಲ್ಲ ಇದು."

"ತಡಿಯವ್ವ ತಾಯಿ," ಎಂದೆ. "ನಾವಿಬ್ರೂ ಅತ್ತು ಮುಗಿಸ್ತೀವಿ."