ಸೆರಗು ಝಾಡಿಸ್ರಿ

ಎರಡನೆಯ ಕೊಡ ನೀರು ಸುರಿದು, ಹೆಣದ ಮೈಮೇಲಿದ್ದ ಹಳೆಯ ಸೀರೆಯನ್ನು ಎಳೆದು ತೆಗೆಯುತ್ತಿದ್ದ ನೆರೆಮನೆಯ ಗಂಗುಬಾಯಿ, ಸೆರಗಿನ ತುದಿ ಕೈಗೆ ಬಂದೊಡನೆ ಅದನ್ನು ಎತ್ತಿ ಹಿಡಿದು, “ಅತ್ತಿ, ಒಮ್ಮೆ ಸೆರಗು ಝಾಡಿಸ್ರಿ,” ಅಂದಳು. ಅಂಗಳದಲ್ಲಿ ಅಡ್ಡ ಕಟ್ಟಿದ್ದ ಚಾದರದ ಮರೆಯಲ್ಲಿದ್ದ ನಾಲ್ಕೈದು ಹೆಂಗಸರು ನಕ್ಕರು. ನಗಬಾರದೆಂದು ಒಬ್ಬಳು ಬಾಯಿಗೆ ಬಟ್ಟೆ ಒತ್ತಿಕೊಂಡಳು. ಅದನ್ನು ನೋಡಿ ಉಳಿದವರಿಗೆ ಇನ್ನಷ್ಟು ನಗು ಬಂತು.

ಸತ್ತವಳು ಸೋನಾಬಾಯಿ. ಸೊಲ್ಲಾಪುರದ ಗಿರಣಿ ಹಿಂದಿನ ಈ ಚಾಳಿನಲ್ಲಷ್ಟೇ ಅಲ್ಲ, ಅತ್ತ ಅಕ್ಕಲಕೋಟೆಯ ತನಕ ಆಕೆಯ ಹೆಸರು ಹೇಳಿದರೆ ಸಾಕು, ಮಂದಿ ನಗುತ್ತಿದ್ದರು. ಒಲೆಯ ಮುಂದೆ ಕೂತು ನೀರು ಕಾಯಿಸುತ್ತಿದ್ದ ಸೊಸೆ ಪಾರ್ವತಿ ನಗಲಿಲ್ಲ, ಅಳಲೂ ಇಲ್ಲ. ಹೊರಗೆ ಗಂಡಸರ ನಡುವೆ ಮಗ ಭೀಮಶಾ ಮೊಣಕಾಲ ಮೇಲೆ ಗದ್ದ ಊರಿ ಕೂತಿದ್ದ. ಅವನ ಪಕ್ಕದಲ್ಲಿ ನಾಟಕದ ಮಾಲೀಕ ಧೂಳಪ್ಪ, ತಾನು ತಂದ ಹಾರವನ್ನು ತೊಡೆಯ ಮೇಲಿಟ್ಟುಕೊಂಡು, ಹಳೆಯ ಆಟದ ಸುದ್ದಿ ಹೇಳುತ್ತಿದ್ದ. ಅಲ್ಲಿಂದಲೂ ಆಗಾಗ ನಗು ಕೇಳುತ್ತಿತ್ತು.

ಸೀರೆ ಪೂರ್ತಿ ಕಳಚಿತು. ಚಾದರದ ಈಚೆ ನಗು ನಿಂತಿತು. ಪಕ್ಕೆಲುಬುಗಳನ್ನು ಎಣಿಸಬಹುದಾಗಿತ್ತು. ಹೊಟ್ಟೆ ಇರಬೇಕಾದಲ್ಲಿ ಬರೀ ಒಂದು ಗುಳಿ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗಂಗುಬಾಯಿ ಲಗುಬಗೆಯಿಂದ ಮತ್ತೊಂದು ಕೊಡ ಸುರಿದು, ಹೊಸ ಸೀರೆ ಕೊಡಲು ಹೇಳಿದಳು.

*

ಧೂಳಪ್ಪ ‘ಮೂರು ಮಂದಿ ಮನಿ’ ಶುರು ಮಾಡಿದ್ದು ೧೯೭೦ರಲ್ಲಿ, ಗಿರಣಿ ಹಿಂದಿನ ತಗಡಿನ ಥಿಯೇಟರಿನಲ್ಲಿ. ಅದರಲ್ಲಿ ರಾಜರಿರಲಿಲ್ಲ, ದೇವರಿರಲಿಲ್ಲ. ಒಂದು ಮನೆ, ಒಂದು ಹೊಸ್ತಿಲು, ಅತ್ತೆ, ಸೊಸೆ, ನಡುವೆ ಸಿಕ್ಕಿಬಿದ್ದ ಮಗ. ಪ್ರತಿ ಶನಿವಾರ ಅದೇ ಮನೆ, ಅದೇ ಮೂವರು, ಹೊಸ ಜಗಳ. ಮಗನ ಪಾತ್ರ ಧೂಳಪ್ಪನದೇ. ಸೊಸೆಯಾಗಿ ಇಪ್ಪತ್ತೆರಡರ ನೀಲಗಂಗಾ. ಅತ್ತೆಯಾಗಬೇಕಿದ್ದವಳು ಮೊದಲ ಆಟದ ದಿನವೇ ಜ್ವರ ಬಂದು ಮಲಗಿದ್ದರಿಂದ, ಕಂಪನಿಗೆ ಅಡುಗೆ ಮಾಡಿಕೊಂಡಿದ್ದ ಸೋನಾಬಾಯಿಗೆ ಸೀರೆ ಉಡಿಸಿ ಕಳಿಸಿದರು. ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದು ಸತ್ತ ಪೇಟಿ ಮಾಸ್ತರನ ಹೆಂಡತಿ ಆಕೆ, ಆಗ ನಲವತ್ತಾರು ವರ್ಷ.

ಮೂರನೆಯ ವಾರದಲ್ಲಿ ಆಕೆ ತನ್ನಷ್ಟಕ್ಕೆ ತಾನೇ ಒಂದು ಆಟ ಕಟ್ಟಿದಳು. ಹೊಸ್ತಿಲ ಮೇಲೆ ನಿಂತು, ಎದೆ ಬಡಿದುಕೊಂಡು, “ಕೇಳ್ರಿ ಯವ್ವಾ, ಮೂರ ದಿನಾ ಆತು, ತುತ್ತು ಅನ್ನಾ ಕಂಡಿಲ್ಲ,” ಎಂದು ಓಣಿಗೆಲ್ಲ ಕೇಳುವಂತೆ ಅತ್ತಳು. ನೀಲಗಂಗಾ ಸೊಂಟದ ಮೇಲೆ ಕೈ ಇಟ್ಟು, “ಅತ್ತಿ, ಸೆರಗು ಝಾಡಿಸ್ರಿ,” ಅಂದಳು. ಸೆರಗು ಝಾಡಿಸಿದರೆ ಟಪ್ಪೆಂದು ಒಂದು ಶೇಂಗಾ ಹೋಳಿಗೆ ಬಿತ್ತು. ಸೋನಾಬಾಯಿ ಹೋಳಿಗೆಯನ್ನೊಮ್ಮೆ, ಮಂದಿಯನ್ನೊಮ್ಮೆ ನೋಡಿ, ಇದು ಯಾರದು ಎಂದು ಕೇಳಿದಳು. ತಗಡು ಹಾರಿಹೋಗುವಂಥ ನಗು.

ಅಲ್ಲಿಂದ ಆ ಆಟವಿಲ್ಲದೆ ಮಂದಿ ಏಳುತ್ತಿರಲಿಲ್ಲ. ಎಪ್ಪತ್ತೆರಡರ ಬರದಲ್ಲಂತೂ, ದಿನವಿಡೀ ಬರಗಾಲದ ಕಾಮಗಾರಿಯಲ್ಲಿ ಖಡಿ ಕಲ್ಲು ಒಡೆದು ಸರಕಾರದ ಕೆಂಪು ಜೋಳದ ರೊಟ್ಟಿ ತಿಂದ ಜನ, ಹೋಟಗಿ, ಮಂಗಳವೇಢೆಗಳಿಂದಲೂ ಬಂದು, ಊಟ ಸಿಕ್ಕಿಲ್ಲವೆಂದು ಅಳುವ ಮುದುಕಿಯನ್ನು ನೋಡಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಸೋನಾಬಾಯಿಗೆ ಅದು ಹುಚ್ಚು ಹಿಡಿಸಿತು. ಬಜಾರದಲ್ಲಿ ಯಾರಾದರೂ ಕೇಳಿದರೆ ಅಲ್ಲಿಯೇ ನಿಂತು ಮಾಡಿ ತೋರಿಸುತ್ತಿದ್ದಳು.

ಭೀಮಶಾನಿಗೆ ಹೆಣ್ಣು ಸಿಗಲಿಲ್ಲ. ಆಕೆಯ ಮನೆಗೆ ಮಗಳನ್ನು ಕೊಡುವುದೂ ಒಂದೇ, ಬಾವಿಗೆ ನೂಕುವುದೂ ಒಂದೇ ಎಂದು ಎರಡು ಮನೆಯವರು ಕೈಬಿಟ್ಟರು. ಸೋನಾಬಾಯಿ ಅದನ್ನೂ ಹೆಮ್ಮೆಯಿಂದಲೇ ಹೇಳಿಕೊಂಡಳು. ಕಡೆಗೆ ಹೋಟಗಿಯಿಂದ ತಾಯಿಯಿಲ್ಲದ ಪಾರ್ವತಿ ಬಂದಳು. ಮದುವೆಯ ಊಟದ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ಯಾರೋ, ಹೊಸ ಸೊಸೆಯ ಬಾಯಲ್ಲಿ ಆ ಮಾತು ಹೇಳಿಸಿರಿ ಎಂದು ಕೂಗಿದರು. ಹದಿನೇಳರ ಹುಡುಗಿ ತಲೆ ತಗ್ಗಿಸಿ ನಿಂತಳು, ಹೇಳಲೊಲ್ಲೆ ಅಂದಳು. ಸೋನಾಬಾಯಿ ಅವಳ ಗದ್ದ ಹಿಡಿದೆತ್ತಿ, ಅಳುವ ತನಕ ಬಿಡದೆ, ಹೇಳಿಸಿಯೇ ಬಿಟ್ಟಳು. ಮದುವೆಯ ಹಂದರವೆಲ್ಲ ನಕ್ಕಿತು.

*

ಹೆಣವನ್ನು ಹೊರಗೆ ತಂದು ಗೋಡೆಗೆ ಒರಗಿಸಿ ಕೂರಿಸುವ ಹೊತ್ತಿಗೆ ನೀಲಗಂಗಾ ಅಕ್ಕಲಕೋಟೆಯ ಬಸ್ಸಿಳಿದು ಬಂದಳು. ಈಗ ಅವಳ ಮೈ ತುಂಬಿತ್ತು. ಅಲ್ಲಿ ಗಂಡನ ಖಾನಾವಳಿಯಲ್ಲಿ ರೊಕ್ಕ ಎಣಿಸುತ್ತ ಗಲ್ಲೆಯ ಮೇಲೆ ಕೂರುತ್ತಿದ್ದಳು. ಆದರೂ ಮಂದಿ ಗುರುತು ಹಿಡಿದರು. ಸೊಸಿ ಬಂದಳು, ಖರೇ ಸೊಸಿ ಬಂದಳು ಎಂದು ಅಂಗಳದಲ್ಲಿ ಗುಜುಗುಜು ಎದ್ದಿತು. ಧೂಳಪ್ಪ ಎದ್ದು ಅವಳಿಗೆ ದಾರಿ ಮಾಡಿಕೊಟ್ಟ.

ಅವಳು ಕಾಲು ಮುಟ್ಟಿ ನಮಸ್ಕರಿಸಿ, ಕೈ ಹಿಡಿಯಲೆಂದು ಹೊಸ ಸೀರೆಯ ಸೆರಗನ್ನು ಸರಿಸಿದಳು. ಬರೀ ಎಲುಬಾಗಿದ್ದ ಆ ಕೈ ನೋಡಿ ಅಲ್ಲಿಯೇ ಕೂತಳು.

*

ನೀಲಗಂಗಾ ಎಪ್ಪತ್ತನಾಲ್ಕರಲ್ಲಿ ಮದುವೆಯಾಗಿ ಹೋದ ಮೇಲೆ ಆಟ ಹದಗೆಟ್ಟಿತು. ಧೂಳಪ್ಪ ವರ್ಷಕ್ಕೆ ಇಬ್ಬರಂತೆ ಸೊಸೆಯರನ್ನು ತಂದ. ಮಗನಿಗೆ ಎರಡನೆಯ ಹೆಂಡತಿ ಮಾಡಿದ, ನಡುವೆ ಡ್ಯಾನ್ಸು ಹಾಕಿದ. ಯಾವುದೂ ನಡೆಯದಾದಾಗ ಅತ್ತೆಗೆ ಕಸಬರಿಗೆಯಿಂದ ಹೊಡೆಸಿದ. ಮಂದಿ ಅದಕ್ಕೆ ನಕ್ಕರು, ಆದ್ದರಿಂದ ಮುಂದಿನ ವಾರ ಎರಡು ಸಲ ಹೊಡೆಸಿದ. ಕೊನೆಯ ವರ್ಷ ಅಕ್ಕಲಕೋಟೆಯಲ್ಲಿ ಡೇರೆ ಹಾಕಿದರೆ ನಲವತ್ತು ಜನ ಬರುತ್ತಿದ್ದರು. ಹೋಳಿಗೆ ಬೀಳುವ ಮೊದಲೇ ಕಡೆಯ ಬಸ್ಸಿಗೆಂದು ಎದ್ದು ಹೋಗುತ್ತಿದ್ದರು. ಎಪ್ಪತ್ತಾರರಲ್ಲಿ ತಗಡಿನ ಥಿಯೇಟರು ಟವೆಲ್ಲಿನ ಗೋದಾಮಾಯಿತು. ಸೋನಾಬಾಯಿ ಒಂದು ಟ್ರಂಕು ಹಿಡಿದು ಮಗನ ಮನೆಗೆ ಬಂದಳು.

ಪಾರ್ವತಿ ಜಗಳ ಮಾಡಲಿಲ್ಲ. ಒಂದು ಮಾತೂ ಎತ್ತರಿಸಿ ಆಡಲಿಲ್ಲ. ರೊಟ್ಟಿಯ ಬುಟ್ಟಿಯನ್ನು ಒಳಗಿನ ಕೋಣೆಯಲ್ಲಿಟ್ಟು ಕೀಲಿ ಹಾಕಿದಳು. ಮೊದಲು ದಿನಕ್ಕೆ ಎರಡು ರೊಟ್ಟಿ ಕೊಟ್ಟಳು, ಆಮೇಲೆ ಒಂದು. ಹೋದ ದೀಪಾವಳಿಯ ನಂತರ ಕೊಟ್ಟರೆ ಕೊಟ್ಟಳು, ಇಲ್ಲದಿದ್ದರೆ ಇಲ್ಲ. ಭೀಮಶಾ ಪವರಲೂಮಿನಿಂದ ಬಂದು ಉಣ್ಣುವಾಗ ತಾಯಿ ಬಾಗಿಲಲ್ಲಿ ಕೂತು ಅವನ ತಾಟನ್ನು ನೋಡುತ್ತಿದ್ದಳು. ಅವನು ಗೋಡೆಯ ಕಡೆ ತಿರುಗಿ ಉಂಡ.

ಸಂಕ್ರಾಂತಿ ಕಳೆದು ಎಂಟು ದಿನಕ್ಕೆ ಸೋನಾಬಾಯಿ ಹೊಸ್ತಿಲಿಗೆ ಬಂದು ನಿಂತಳು. ಬೀಡಿ ಕಟ್ಟುತ್ತ ಕೂತಿದ್ದ ಹೆಂಗಸರಿಗೆ, ಎರಡು ದಿನದಿಂದ ತನಗೆ ಊಟ ಹಾಕಿಲ್ಲವೆಂದು ಹೇಳಿದಳು. ಮೆಲ್ಲಗೇ ಹೇಳಿದಳು. ಗಂಗುಬಾಯಿ ಬೀಡಿಯ ಮೊರ ಕೆಳಗಿಟ್ಟು, “ಸೆರಗು ಝಾಡಿಸ್ರಿ ಅತ್ತಿ,” ಅಂದಳು.

ಸೋನಾಬಾಯಿ ಸೆರಗು ಝಾಡಿಸಿದಳು. ಏನೂ ಬೀಳಲಿಲ್ಲ. ಮತ್ತೊಮ್ಮೆ ಝಾಡಿಸಿ, ಎರಡೂ ತುದಿ ಹಿಡಿದು ಬಿಡಿಸಿ ತೋರಿಸಿದಳು. ಇದು ಹಳೆಯದಕ್ಕಿಂತ ಚೆಂದವಿದೆ ಎಂದು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಕಡೆಯ ಸಾಲಿನವರನ್ನೂ ಕರೆದರು. ಸೋನಾಬಾಯಿ ಬಾಯಿ ತೆರೆದು ಅವರನ್ನೆಲ್ಲ ನೋಡಿದಳು. ಒಳಗಿನಿಂದ ಪಾರ್ವತಿ ಬಂದು, ನಡೀರಿ ಎಂದು ಕೈ ಹಿಡಿದು ಕರೆದುಕೊಂಡು ಹೋದಳು.

*

“ಇದೇನ ಮಾಡೀರಿ ಆಕಿಗೆ?” ನೀಲಗಂಗಾ ಕೂತಲ್ಲಿಂದಲೇ ಕೇಳಿದಳು.

ವಯಸ್ಸಾಗಿತ್ತಲ್ಲ ಎಂದು ಗಂಗುಬಾಯಿ ಗೊಣಗಿದಳು.

“ಐವತ್ತನಾಕು ಆಕಿಗೆ. ನನ್ನ ಅವ್ವನಕಿಂತ ಸಣ್ಣಾಕಿ.” ನೀಲಗಂಗಾ ಪಾರ್ವತಿಯ ಕಡೆ ತಿರುಗಿದಳು. “ಕೂಳು ಹಾಕಲಾರದ ಕೊಂದಿ ನೀ. ಎಲ್ಲಾರೂ ಕೇಳ್ರಿ, ಈಕಿ ಅತ್ತಿಗೆ ಕೂಳು ಹಾಕಲಾರದ ಕೊಂದಾಳ.”

ಅವಳ ದನಿ ಆಟದಲ್ಲಿದ್ದಷ್ಟೇ ಗಟ್ಟಿಯಾಗಿತ್ತು. ಓಣಿಯ ಆಚೆಯಿಂದಲೂ ಜನ ಬಂದು ನಿಂತರು. ಯಾರೋ ಗಂಡಸು ಹಿಂದಿನಿಂದ ಒಂದು ಸಲ ನಕ್ಕ. ಮುಂದೇನು ಬರುತ್ತದೋ ಎಂದು ಉಳಿದವರು ಕಾದರು.

ಪಾರ್ವತಿ ಒಲೆಯ ಬಳಿಯಿಂದ ಎದ್ದು ಕೈ ಒರೆಸಿಕೊಂಡಳು.

“ಅಕ್ಕಾ, ಹೋದ ತಿಂಗಳ ಅತ್ತಿಯವರು ನಿಮ್ಮಲ್ಲಿಗೇ ಬಂದಿದ್ರಲ್ರಿ, ತಿರುಗಿ ಬಂದು ನನಗ ಹೇಳ್ಯಾರ,” ಅಂದಳು. “ಖಾನಾವಳ್ಯಾಗ ನೀವು ಏನ ಅಂದ್ರಿ? ಹೇಳ್ರಿ ಎಲ್ಲಾರ ಮುಂದ.”

ನೀಲಗಂಗಾ ಹೊಸ ಸೀರೆಯ ಸೆರಗನ್ನು ಮತ್ತೆ ಆ ಕೈಯ ಮೇಲೆ ಎಳೆದಳು.

ಆ ದಿನ ಖಾನಾವಳಿ ತುಂಬಿತ್ತು, ಗುರುವಾರ, ಮಠಕ್ಕೆ ಬಂದ ಜನ. ಸೋನಾಬಾಯಿ ಗಲ್ಲೆಯ ಮುಂದೆ ಬಂದು ನಿಂತು, ಹಸಿದಿದ್ದೇನೆ, ಇಲ್ಲಿಯೇ ಪಾತ್ರೆ ತೊಳೆದುಕೊಂಡಿರುತ್ತೇನೆ ಅಂದಳು. ಉಣ್ಣುತ್ತಿದ್ದವರು ಇಬ್ಬರನ್ನೂ ಗುರುತು ಹಿಡಿದು ಕೈ ತಟ್ಟಿದರು. ನಾಲ್ಕು ವರ್ಷದಿಂದ ನೀಲಗಂಗಾಳಿಗೆ ಯಾರೂ ಕೈ ತಟ್ಟಿರಲಿಲ್ಲ. ಅವಳು ಎದ್ದು ಸೊಂಟದ ಮೇಲೆ ಕೈ ಇಟ್ಟಳು, ಆ ಮಾತು ಹೇಳಿದಳು. ಜನ ಕೂಗಾಡಿದರು. ನಗು ಇಳಿದು ಅವಳು ನೋಡುವ ಹೊತ್ತಿಗೆ ಸೋನಾಬಾಯಿ ಅಲ್ಲಿರಲಿಲ್ಲ. ಗಿರಾಕಿಗಳು ಬಹಳ ಇದ್ದರು. ಹುಡುಕಲು ಅವಳು ಹೊರಗೆ ಹೋಗಲಿಲ್ಲ.

“ನಾ ಒಬ್ಬಾಕೇ ಕೊಂದೆ ಅಂತೀರೇನು?” ಅಂದಳು ಪಾರ್ವತಿ. ಆಮೇಲೆ ಗಂಗುಬಾಯಿಯ ಕಡೆ, ಉಳಿದ ಹೆಂಗಸರ ಕಡೆ ಒಬ್ಬೊಬ್ಬರನ್ನಾಗಿ ನೋಡಿದಳು. ಅವರು ಚಾದರ ಬಿಚ್ಚಿ ಮಡಚತೊಡಗಿದರು. ಹೊತ್ತಾಯಿತು, ಎತ್ತಿರಿ ಎಂದು ಧೂಳಪ್ಪ ಅವಸರ ಮಾಡಿದ. ಹಾರ ಹಾಕಿದ.

*

ಸುಡುಗಾಡಿಗೆ ಎಂಟೇ ಜನ ಹೋದರು. ಹೆಚ್ಚಿನವರು ಅಂಗಳದಲ್ಲೇ, ನೀಲಗಂಗಾಳ ಸುತ್ತ ಉಳಿದರು. ಚಟ್ಟ ಹೊತ್ತವರು ದಾರಿಯಲ್ಲಿ ಒಮ್ಮೆಯೂ ಹೆಗಲು ಬದಲಿಸಲಿಲ್ಲ.

ಅಲ್ಲಿ ಕಟ್ಟಿಗೆಯವನು ಆಗಲೇ ಚಿತೆ ಒಟ್ಟಿ ಇಟ್ಟಿದ್ದ. ಹೆಣ ಇಳಿಸಿದಾಗ, ಮುಖವೂ ಮುಚ್ಚುವಂತೆ ಹೊದಿಸಿದ್ದ ಬಟ್ಟೆಯ ಮೇಲಿಂದ ಅದರ ಉದ್ದಗಲ ನೋಡಿ, “ಎಷ್ಟ ವರ್ಷದ ಕೂಸು?” ಎಂದು ಕೇಳಿದ.

ಧೂಳಪ್ಪ ಬೇವಿನ ಮರದ ಕಡೆ ಹೋಗಿ ಬೀಡಿ ಹಚ್ಚಿದ.

ಕಟ್ಟಿಗೆಯವನು ಇನ್ನೊಮ್ಮೆ ನೋಡಿದ. ಇದಕ್ಕೆ ಇಷ್ಟೆಲ್ಲ ಬೇಕಾಗಿಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಚಿತೆಯ ಮೇಲಿನ ಸಾಲಿನ ಬೊಡ್ಡೆಗಳನ್ನು ಒಂದೊಂದಾಗಿ ಎತ್ತಿ ತನ್ನ ರಾಶಿಗೆ ಒಗೆಯತೊಡಗಿದ. ಜಾಲಿಯ ದೊಡ್ಡದೊಂದು ಬೊಡ್ಡೆ ಅವನೊಬ್ಬನಿಂದ ಏಳಲಿಲ್ಲ. ಸುತ್ತ ನೋಡಿದ.

ಭೀಮಶಾ ಧೋತರದ ತುದಿ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದ, ಬಗ್ಗಿ ಬೊಡ್ಡೆಯ ಇನ್ನೊಂದು ತುದಿ ಹಿಡಿದ. ಇಬ್ಬರೂ ಅದನ್ನು ಹೊತ್ತು ರಾಶಿಯ ತನಕ ಒಯ್ದರು.